ಹೋಗುವಾಗ ದೂರ, ಬರುವಾಗ ಹತ್ತಿರ

ಏತಾ ಊರಿನ ಬೌರೋ ತನ್ನ ಅರವತ್ತು ವರ್ಷದ ಬದುಕಿನಲ್ಲಿ ಯಾರಿಂದಲೂ ಏನನ್ನೂ ಕೇಳಿ ಪಡೆದವನಲ್ಲ. ಊರವರು ಇದನ್ನು ಗಮನಿಸಿ ಹೊಗಳುವ ತನಕ ಕಾಯುವಷ್ಟು ತಾಳ್ಮೆ ಅವನಿಗಿರಲಿಲ್ಲವಾದ್ದರಿಂದ ತಾನೇ ಹೇಳಿಕೊಳ್ಳುತ್ತಿದ್ದ. "ನಾನು ಕೇಳೋನಲ್ಲ, ಕೊಡೋನು" ಎಂದು ಅವನು ಚಾವಡಿಯಲ್ಲಿ ಎದೆಯ ಮೇಲೆ ಕೈಯಿಟ್ಟು ಹೇಳಿದನೆಂದರೆ, ಕೂತಿದ್ದವರೆಲ್ಲ ಒಂದಿಷ್ಟು ಹತ್ತಿರ ಸರಿಯುತ್ತಿದ್ದರು.

ಸರಿಯಲು ಕಾರಣವಿತ್ತು. ನಮ್ಮ ತರಾವಾ ದ್ವೀಪದಲ್ಲಿ ಬುಬುತಿ ಎಂಬುದೊಂದಿದೆ. ನೆಂಟನೊಬ್ಬ ನಿಮ್ಮ ಜಗಲಿಗೆ ಬಂದು, ಕಾಲು ಮಡಚಿ ಕೂತು, "ಒಂದು ಬುಬುತಿ ಇತ್ತು" ಎಂದು ನಿಮ್ಮದೇ ವಸ್ತುವೊಂದನ್ನು ಕೇಳಿದರೆ ನೀವು ಇಲ್ಲ ಎನ್ನುವಂತಿಲ್ಲ. ಇಲ್ಲ ಎಂದವನು ಊರಲ್ಲಿ ಮುಖ ಎತ್ತಿ ಓಡಾಡುವಂತಿಲ್ಲ. ನಾಳೆ ನೀವೂ ಅವನ ಜಗಲಿಗೆ ಹೋಗಿ ಅದನ್ನೇ, ಅಥವಾ ಅದಕ್ಕಿಂತ ದೊಡ್ಡದನ್ನು ಕೇಳಬಹುದು. ಹೀಗೆ ಸಾಮಾನು ಊರೆಲ್ಲ ಸುತ್ತುತ್ತ ಎಲ್ಲರ ಮನೆಯಲ್ಲೂ ಸ್ವಲ್ಪ ಸ್ವಲ್ಪ ಕಾಲ ಬಾಳುತ್ತದೆ. ಏರ್ಪಾಡೇನೋ ಚೆನ್ನಾಗಿಯೇ ಇದೆ. ಆದರೆ ಬೌರೋನಂಥವನೊಬ್ಬ ನಡುವೆ ಸಿಕ್ಕಿಕೊಂಡರೆ ಸಾಮಾನು ಒಂದೇ ದಿಕ್ಕಿಗೆ ಹರಿಯತೊಡಗುತ್ತದೆ. ಜರ್ಮನರ ಸರಕು ಹಡಗಿನಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿ ಅವನು ತಂದ ಸೈಕಲ್ಲು ತಮ್ಮನ ಮನೆಯಲ್ಲಿತ್ತು. ಬಾಣಲೆ ಯಾರ ಮನೆಯಲ್ಲಿತ್ತೆಂದು ಈಗ ಯಾರಿಗೂ ತಿಳಿಯದು. ರೇಡಿಯೋ ಪಕ್ಕದ ಮನೆಯಲ್ಲಿ ಹಾಡುತ್ತಿತ್ತು. ಸುದ್ದಿ ಕೇಳಬೇಕಾದರೆ ಬೌರೋ ಬೇಲಿಗೆ ಒರಗಿ ನಿಲ್ಲಬೇಕು. "ದನಿ ಸ್ವಲ್ಪ ಜೋರು ಮಾಡಿ" ಎಂದಾದರೂ ಕೇಳಬಾರದೇ ಎಂದು ಹೆಂಡತಿ ತಿನಾಯ ಹಲ್ಲು ಕಚ್ಚಿ ಹೇಳುತ್ತಿದ್ದಳು. ಅದನ್ನೂ ಕೇಳುತ್ತಿರಲಿಲ್ಲ.

ಇಂಥ ಬೌರೋನ ಕೈಗೆ ಒಂದು ವಿಮಾನದ ಟಿಕೆಟ್ಟು ಬಂತು.

ಮಗಳು ಬಿರೀಟಾ ಮದುವೆಯಾಗಿ ಕಿರಿತಿಮತಿ ದ್ವೀಪದಲ್ಲಿದ್ದಳು. ಅದೂ ನಮ್ಮ ದೇಶವೇ, ಆದರೆ ದೇಶದ ಈ ತುದಿಯಲ್ಲಿ ನಾವು, ಆ ತುದಿಯಲ್ಲಿ ಅದು. ನಡುವೆ ಬರೀ ಸಮುದ್ರ. ಮೊದಲೆಲ್ಲ ಅಲ್ಲಿಗೆ ಹೋಗಬೇಕಾದರೆ ಫಿಜಿಗೆ ಹೋಗಿ, ಅಲ್ಲಿ ಬೆಂಚಿನ ಮೇಲೆ ಮಲಗಿ, ಇನ್ನೊಂದು ವಿಮಾನ ಹಿಡಿಯಬೇಕಿತ್ತು. ಈಗ ವಾರಕ್ಕೊಮ್ಮೆ, ಬುಧವಾರ, ಇಲ್ಲಿಂದಲೇ ನೇರ ವಿಮಾನ. ಶನಿವಾರ ಬಿರೀಟಾಳ ಮಗುವಿಗೆ ಒಂದು ವರ್ಷ ತುಂಬುತ್ತಿತ್ತು. ನಮ್ಮಲ್ಲಿ ಮೊದಲ ಹುಟ್ಟುಹಬ್ಬವೆಂದರೆ ಮದುವೆಗೆ ಸಮ. ಬೌರೋ ಮೊಮ್ಮಗಳನ್ನು ಇನ್ನೂ ಕಂಡಿರಲಿಲ್ಲ. ಅಳಿಯ ಹೋಗಿಬರುವ ಟಿಕೆಟ್ಟು ಮಾಡಿಸಿ ಕಳಿಸಿದ್ದ. ಎರಡು ಮಾಡಿಸುತ್ತೇನೆ ಎಂದಿದ್ದನಂತೆ, ತಿನಾಯ ಬೇಡವೆಂದಳು. ಅವಳಿಗೆ ಏಣಿ ಹತ್ತಿದರೇ ತಲೆ ತಿರುಗುತ್ತದೆ.

ಟಿಕೆಟ್ಟು ಬಂದ ಗಳಿಗೆಯಿಂದ ಬೌರೋನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೂತರೆ ಏಳುವನು, ಎದ್ದರೆ ನಡೆಯುವನು. ನಮ್ಮ ದ್ವೀಪದ ಅಗಲವೋ ಅಷ್ಟರಲ್ಲೇ ಇದೆ; ತಳಮಳ ಹತ್ತಿದವನು ನಾಲ್ಕು ಹೆಜ್ಜೆ ಹಾಕಿದರೆ ಈ ಕಡೆಯ ನೀರು ಮುಗಿದು ಆ ಕಡೆಯ ನೀರು ಬರುತ್ತದೆ. ಹಾಗೆ ಹೋಗಿ ಬಂದು ಹೋಗಿ ಬಂದು ಮಾಡುವವನನ್ನು ಊರೆಲ್ಲ ನೋಡಿತು. ಏನು ವಿಷಯ ಎಂದು ವಿಚಾರಿಸಿತು. ವಿಷಯ ತಿಳಿದ ಮೇಲೆ ಜಗಲಿಗೆ ಬರತೊಡಗಿತು.

ಮೊದಲು ಬಂದವಳು ತಿನಾಯಳ ಅಕ್ಕ ರುಟಾ. ಅವಳ ನಾದಿನಿ ಕಿರಿತಿಮತಿಯಲ್ಲಿದ್ದಳು. ಅಲ್ಲಿ ಒಳ್ಳೆಯ ಕೆಸುವಿನ ಗೆಡ್ಡೆ ಸಿಗುವುದಿಲ್ಲವೆಂದು ಒಂದು ಮೂಟೆ ಇಳಿಸಿ, ಒಂದು ಬುಬುತಿ ಎಂದಳು. ಅವಳ ಹಿಂದೆಯೇ ತಮ್ಮನ ಹೆಂಡತಿ ಕೇದಗೆ ಓಲೆಯ ಚಾಪೆಗಳ ಸುರುಳಿಯೊಂದನ್ನು ತಂದಳು. ಅದು ಬಾಗಿಲಲ್ಲಿ ಹಿಡಿಸದೆ ಹೊರಗೇ ಉಳಿಯಿತು. ಆಮೇಲೆ ತೆಂಗಿನ ನೀರಾ ಕಾಯಿಸಿದ ಪಾಕದ ಬಾಟಲಿಗಳು ಬಂದವು, ಒಣಮೀನಿನ ಕಟ್ಟು ಬಂತು. ಮೀನಿಗೆ ಬರವೇ ಇಲ್ಲದ ಕಿರಿತಿಮತಿಗೆ ಇಲ್ಲಿಂದ ಮೀನು ಯಾಕೆ ಎಂದು ಬೌರೋ ಮೆಲ್ಲಗೆ ಅಂದ. ಇದು ಬೇರೆ ಮೀನು ಎಂದರು. ವಿಮಾನದಲ್ಲಿ ಅವನು ಒಯ್ಯಬಹುದಾದ ಸಾಮಾನಿನ ತೂಕ ಒಬ್ಬ ಮನುಷ್ಯ ಒಂದು ಕೈಯಲ್ಲಿ ಎತ್ತುವಷ್ಟು. ಸಂಜೆಯ ಹೊತ್ತಿಗೆ ಜಗಲಿಯ ಮೇಲೆ ಬಿದ್ದದ್ದು ದೋಣಿಗೆ ತುಂಬುವಷ್ಟು.

"ಆಗಲ್ಲ ಅನ್ನೋಕೆ ಬಾಯಿಲ್ವಾ ನಿಮಗೆ?" ಎಂದಳು ತಿನಾಯ.

"ಬುಬುತಿ ಕಣೆ."

"ಅವರದ್ದು ಬುಬುತಿ. ನಿಮ್ಮದೇನು? ನಿಮಗೂ ನಾಲಿಗೆ ಕೊಟ್ಟಿದಾನೆ ದೇವರು. ಹೋಗಿ, ಇದನ್ನೆಲ್ಲ ವಾಪಸ್ ತಗೊಂಡು ಹೋಗ್ರಪ್ಪ ಅಂತ ನೀವೇ ಕೇಳ್ಕೊಳ್ಳಿ."

ಬೌರೋ ಅವಳನ್ನು ಕನಿಕರದಿಂದ ನೋಡಿದ. ಕೇಳುವುದೇ? ಬೌರೋ?

ಅಂದು ಸಂಜೆ ಚಾವಡಿಯಲ್ಲಿ ಊರ ಹಿರಿಯರು ಕೂತಿದ್ದರು. ಹಿರಿಯರಲ್ಲೆಲ್ಲ ಹಿರಿಯನಾದ ತೆಬಾನೋ ತನ್ನ ಕಂಬಕ್ಕೆ ಒರಗಿಕೊಂಡು ಬೌರೋನನ್ನು ಕರೆದ. ಹಡಗಿನಲ್ಲಿ ಲೋಕ ಸುತ್ತಿದವನು ನೀನು, ಕಿರಿತಿಮತಿ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು ಎಂದು ಎಲ್ಲರಿಗೂ ಒಂದಿಷ್ಟು ತಿಳಿಸು ಎಂದ.

ನಿಜವೇನೆಂದರೆ ಬೌರೋ ಹತ್ತಿದ ಹಡಗು ಒಂದು ದಿನವೂ ಕಿರಿತಿಮತಿಯ ಕಡೆ ಮುಖ ಮಾಡಿರಲಿಲ್ಲ. ಮಾಡಿದ್ದರೂ ಅಡುಗೆಮನೆಯಿದ್ದದ್ದು ಹಡಗಿನ ಹೊಟ್ಟೆಯಲ್ಲಿ. ಅವನಿಗೆ ಸಮುದ್ರ ಕಾಣುತ್ತಿದ್ದದ್ದು ಪಾತ್ರೆ ತೊಳೆದ ನೀರನ್ನು ಹೊರಗೆ ಚೆಲ್ಲುವಾಗ ಮಾತ್ರ. ದಾರಿಯನ್ನೆಲ್ಲ ಅವನು ಅಳೆಯುತ್ತಿದ್ದದ್ದು ಊಟದ ಲೆಕ್ಕದಲ್ಲಿ. ಆದರೆ ಊರಿಗೆ ಊರೇ ಬಾಯಿ ತೆರೆದು ಕೂತಿರುವಾಗ ನನಗೆ ಗೊತ್ತಿಲ್ಲ ಎನ್ನುವುದು ಲೋಕ ಸುತ್ತಿದವನಿಗೆ ಶೋಭಿಸುವ ಮಾತಲ್ಲ. ಅದೂ ಅಲ್ಲದೆ, ನೋಡುತ್ತಿದ್ದಂತೆ, ಅವನ ತಲೆಗೊಂದು ಉಪಾಯ ಹೊಳೆಯಿತು. ದೂರವನ್ನು ಸ್ವಲ್ಪ ಹೆಚ್ಚು ಮಾಡಿದರೆ ಸಾಮಾನು ಸ್ವಲ್ಪ ಕಡಿಮೆಯಾಗಬಹುದಲ್ಲ.

ಎದ್ದು ನಿಂತ. ಹಡಗಿನಲ್ಲಾದರೆ ಮೂವತ್ತು ಊಟದ ದಾರಿ ಎಂದ. ವಿಮಾನದಲ್ಲಿ ಎಷ್ಟು ಊಟ ಎಂದು ಹಿಂದಿನಿಂದ ಯಾರೋ ಕೇಳಿದರು. ವಿಮಾನದ ಊಟವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಅದು ಊಟವೇ ಅಲ್ಲ ಎಂದ. ಹೆಂಗಸರು ನಕ್ಕರು. ನಗು ಕೇಳಿ ಬೌರೋನಿಗೆ ಹುರುಪು ಬಂತು. ಆ ದಾರಿಯಲ್ಲಿ ಇಳಿಯಲು ಒಂದು ದ್ವೀಪವಿಲ್ಲ ಎಂದ. ಒಳಗೆ ಎಂಥ ಚಳಿ ಎಂದರೆ ಎಣ್ಣೆ ಹೆಪ್ಪುಗಟ್ಟುತ್ತದೆ, ಹೊರಗೆ ಎಂಥ ಬಿಸಿಲು ಎಂದರೆ ಕೆಳಗೆ ಇಟ್ಟ ಗೆಡ್ಡೆ ಕೊಳೆಯುತ್ತದೆ ಎಂದ. ಚಳಿಯಲ್ಲಿ ಗೆಡ್ಡೆ ಕೊಳೆಯುವುದು ಹೇಗೆ ಎಂದು ಯಾರೂ ಕೇಳಲಿಲ್ಲವಾದ್ದರಿಂದ ಮುಂದಕ್ಕೆ ಹೋದ. ಕಿವಿ ಒಡೆಯುತ್ತದೆ, ಕಾಲು ಊದಿ ಚಪ್ಪಲಿ ಹರಿಯುತ್ತದೆ, ಗಟ್ಟಿಮುಟ್ಟಾದ ಗಂಡಸರೇ ಅಮ್ಮಾ ಎಂದು ಅತ್ತದ್ದುಂಟು ಎಂದ. ಮುಂದಿನ ಸಾಲಿನಲ್ಲಿ ರುಟಾ ಸೆರಗಿಲ್ಲದಿದ್ದರೂ ಮಡಿಲ ಬಟ್ಟೆಯನ್ನೇ ಎತ್ತಿ ಕಣ್ಣೊರೆಸಿಕೊಂಡಳು.

ಆಗ ತೆಬಾನೋ, ವಿಮಾನದ ಟಿಕೆಟ್ ಆಫೀಸಿನಲ್ಲಿ ಕೆಲಸ ಮಾಡುವ ತಿಮೆಯೋನ್ ಹಿಂದೆ ಕೂತಿರುವುದನ್ನು ಕಂಡು, ಅವನ ಬಾಯಿಂದಲೂ ಒಂದು ಮಾತು ಬರಲಿ ಎಂದ. ನಿಂತಿದ್ದ ಬೌರೋ ಮೆಲ್ಲಗೆ ಕೂತುಬಿಟ್ಟ.

ತಿಮೆಯೋನ್ ಪಾಪದವನು. ಇದ್ದದ್ದನ್ನು ಇದ್ದಂತೆ ಹೇಳಿದ. ಇಲ್ಲಿಂದ ಬೆಳಗ್ಗೆ ಆರಕ್ಕೆ ಹೊರಟ ವಿಮಾನ ಅಲ್ಲಿ ಮಧ್ಯಾಹ್ನ ಒಂದಕ್ಕೆ ಇಳಿಯುತ್ತದೆ. ಅಲ್ಲಿಂದ ಬೆಳಗ್ಗೆ ಆರಕ್ಕೆ ಹೊರಟದ್ದು ಇಲ್ಲಿಗೆ ಒಂಬತ್ತಕ್ಕೆಲ್ಲ ಬಂದುಬಿಡುತ್ತದೆ. ಆದರೆ ಹಾರಾಟ ಎರಡೂ ಕಡೆ ಐದೇ ಗಂಟೆ.

ಚಾವಡಿಯವರು ತೆಬಾನೋನ ಕಡೆ ತಿರುಗಿದರು.

"ಆರರಿಂದ ಒಂದಕ್ಕೆ ಏಳು" ಎಂದ ತೆಬಾನೋ, ಬೆರಳು ಮಡಚುತ್ತ. "ಆರರಿಂದ ಒಂಬತ್ತಕ್ಕೆ ಮೂರು. ನೀನು ಐದು ಅಂತೀಯ."

"ಹೌದಜ್ಜ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡು ಗಂಟೆ ಮುಂದೆ ಇರುತ್ತೆ. ಅದಕ್ಕೆ."

"ಗಡಿಯಾರ ಮುಂದಿದ್ರೆ ತಿರುಗಿಸಿ ಸರಿ ಮಾಡ್ಕೋಬೇಕು. ಅದಕ್ಕೂ ದಾರಿಗೂ ಏನಪ್ಪ ಸಂಬಂಧ? ನೀನು ಏಳಕ್ಕೂ ಮೂರಕ್ಕೂ ಮಧ್ಯೆ ರಾಜಿ ಮಾಡಿ ಐದು ಅಂತಿದೀಯ. ಸರ್ಕಾರಿ ಬುದ್ಧಿ."

ತಿಮೆಯೋನ್ ಒಂದು ತೆಂಗಿನಕಾಯಿಯನ್ನು ಭೂಮಿ ಎಂದು ಹಿಡಿದು ಸೂರ್ಯನನ್ನು ತೋರಿಸಲು ನೋಡಿದ. ಹಿರಿಯರು ಅವನನ್ನು ಕೂರಿಸಿದರು. ಹರೆಯದಲ್ಲಿ ಹಾಯಿದೋಣಿ ನಡೆಸಿದವರಿಗೆ ಇದರಲ್ಲಿ ತಿಳಿಯದ್ದೇನೂ ಇರಲಿಲ್ಲ. ಕಿರಿತಿಮತಿ ಇರುವುದು ಮೂಡಣಕ್ಕೆ. ಗಾಳಿ ಬೀಸುವುದು ಮೂಡಣದಿಂದ. ಹೋಗುವಾಗ ಗಾಳಿಗೆ ಎದುರು, ಆದ್ದರಿಂದ ದೂರ. ಬರುವಾಗ ಗಾಳಿಯ ಜೊತೆ, ಆದ್ದರಿಂದ ಹತ್ತಿರ. ಬೌರೋ ಹೇಳಿದ್ದು ಹೋಗುವ ದಾರಿಯ ಮಾತು. ಅಕ್ಷರ ಅಕ್ಷರ ನಿಜ. ಹೀಗೆ ತೀರ್ಮಾನವಾದ ಮೇಲೆ ತಿಮೆಯೋನ್ ತೆಂಗಿನಕಾಯಿಯನ್ನು ಪಕ್ಕದವನಿಗೆ ಕೊಟ್ಟು ಮನೆಗೆ ಹೋದ.

ಉಪಾಯ ಫಲಿಸಿತು. ಬೆಳಗಾಗುವಷ್ಟರಲ್ಲಿ ಒಣಮೀನಿನವರು ಮೀನು ಒಯ್ದರು. ಪಾಕದವರು ಹೆಪ್ಪುಗಟ್ಟೀತೆಂದು ಬಾಟಲಿ ಒಯ್ದರು. ಬೌರೋ ಜಗಲಿಯ ಮೇಲೆ ತೆರವಾದ ಜಾಗದಲ್ಲಿ ಕಾಲು ಚಾಚಿ ಕೂತ. ಅಷ್ಟರಲ್ಲಿ ರುಟಾ ಬಂದಳು. ಗೆಡ್ಡೆ ಒಯ್ಯಲು ಬಂದಳೆಂದು ಮೂಟೆಯನ್ನು ಅವಳ ಕಡೆಗೆ ತಳ್ಳಿದ. ಅವಳು ಮೂಟೆಯ ಕಡೆ ನೋಡಲೂ ಇಲ್ಲ. ಎದುರಿಗೆ ಕಾಲು ಮಡಚಿ ಕೂತಳು. ಅವಳ ಬೆನ್ನ ಹಿಂದೆ ಮಗ ಕಬುನಾರೆ ನಿಂತಿದ್ದ. ಇಪ್ಪತ್ತನಾಲ್ಕರ ಆಳು, ಬಾಗಿಲಷ್ಟು ಅಗಲ. ಮೀನಿಗೆ ಬಲೆ ಎಳೆಯುವುದು ಬಿಟ್ಟರೆ ತಾನಾಗಿ ಏನನ್ನೂ ಮಾಡಿದವನಲ್ಲ. ಅಮ್ಮ ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಲ್ಲುವನು.

"ರಾತ್ರಿಯೆಲ್ಲ ನಿದ್ದೆ ಇಲ್ಲ ಬೌರೋ" ಎಂದಳು ರುಟಾ. "ನಿನ್ನ ಕಾಲು ನೋಡು. ಚರ್ಚಿಗೆ ನಡೆದು ಬಂದರೇ ಊದುತ್ತೆ. ಗಂಡಸರೇ ಅಳೋ ದಾರೀಲಿ ನಿನ್ನ ಕಳಿಸಿ, ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ತಂಗಿ ಮುಖ ನಾನು ಹೇಗೆ ನೋಡ್ಲಿ? ಒಂದು ಬುಬುತಿ ಇತ್ತು. ಆ ಸೀಟು ನನ್ನ ಮಗನಿಗೆ ಕೊಡು. ನಿನ್ನ ಬದಲು ಅವನು ಹೋಗಿ ಮಗು ನೋಡ್ಕೊಂಡು ಬರ್ತಾನೆ."

ಬೌರೋ ತನ್ನ ಕಾಲನ್ನು ನೋಡಿಕೊಂಡ. ದ್ರೋಹಿ ಕಾಲು ನಿಜವಾಗಿಯೂ ಊದಿತ್ತು.

"ಆಗಲಿ ಅತ್ತಿಗೆ" ಎಂದ.

ರುಟಾ ಕೃತಜ್ಞತೆಯಿಂದ ಇನ್ನೊಂದೆರಡು ಬುಬುತಿ ಮಾಡಿದಳು. ವಿಮಾನದಲ್ಲಿ ಅಷ್ಟು ಚಳಿಯೆಂದ ಮೇಲೆ ಬೌರೋನ ಹಡಗಿನ ಕೋಟು ಬೇಕಾಯಿತು. ಕೋಟಿನ ಕೆಳಗೆ ಲುಂಗಿ ಚೆನ್ನಾಗಿರುವುದಿಲ್ಲವೆಂದು ಪ್ಯಾಂಟು ಬೇಕಾಯಿತು. ಪ್ಯಾಂಟಿನ ಕೆಳಗೆ ಬರಿಗಾಲು ಯಾರಾದರೂ ಬಿಡುತ್ತಾರೆಯೇ. ಶೂ ಹೊತ್ತುಕೊಂಡು ಕಬುನಾರೆ ನಡೆದ. ಅವನ ಮುಖದಲ್ಲಿ ಯಾವ ಸಂತೋಷವೂ ಕಾಣಲಿಲ್ಲ. ಆದರೆ ಅದನ್ನು ನೋಡುವ ಸ್ಥಿತಿಯಲ್ಲಿ ಬೌರೋ ಇರಲಿಲ್ಲ. ಟಿಕೆಟ್ಟಿನ ಹೆಸರನ್ನು ಅದೇ ಮಧ್ಯಾಹ್ನ ತಿಮೆಯೋನ್ ಬದಲಿಸಿಕೊಟ್ಟ. ರುಟಾ ಅವನಿಗೆ ಸೋದರತ್ತೆಯಾಗಬೇಕು. ಹೋಗುವುದಕ್ಕೂ ಬರುವುದಕ್ಕೂ ಕಬುನಾರೆ ಎಂದು ಬರೆದು, ಇನ್ನೊಮ್ಮೆ ಬದಲಿಸುವಂತಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ.

ತಿನಾಯ ಸಿಟ್ಟಾಗಲಿಲ್ಲ. ಅದೇ ಭಯದ ವಿಷಯ. ಅನ್ನ ಬಡಿಸುತ್ತ ತಣ್ಣಗೆ ಹೇಳಿದಳು: "ಇನ್ನು ನನ್ನನ್ನೂ ಯಾರಾದ್ರೂ ಕೇಳೋದೊಂದು ಬಾಕಿ. ಕೇಳಿದ್ರೆ ಹೇಳಿ, ಚಾಪೆ ಸುತ್ಕೊಂಡು ತಯಾರಾಗ್ತೀನಿ."

ಬೌರೋ ಎದ್ದು ಈ ಕಡೆಯ ನೀರಿನಿಂದ ಆ ಕಡೆಯ ನೀರಿಗೆ ನಡೆದ. ಈ ಸೀಟು ಹೋದರೆ ಹುಟ್ಟುಹಬ್ಬ ಹೋಯಿತು. ಮುಂದಿನ ವಾರದ ಹೊತ್ತಿಗೆ ಉಳಿಯುವುದು ತೊಳೆದ ಪಾತ್ರೆ. ಫೋನಿನಲ್ಲಿ ಬಿರೀಟಾ ಮಗುವನ್ನು ಹತ್ತಿರ ಹಿಡಿದು ಅಜ್ಜನ ಹೆಸರು ಹೇಳಿಸುತ್ತಿದ್ದಳು. ಅದು ಊಫ್ ಎನ್ನುತ್ತಿತ್ತು. ಅದು ತನ್ನ ಹೆಸರೇ ಎಂದು ಬೌರೋನ ದೃಢವಾದ ನಂಬಿಕೆ. ಆ ಊಫ್ ಈಗ ಕಬುನಾರೆಯ ಪಾಲಾಗುತ್ತದೆ.

ಹಿಗ್ಗಿಸಿದ್ದರಿಂದ ಹೋದದ್ದು ಕುಗ್ಗಿಸಿದರೆ ಬರಬಹುದು ಎಂದು ಅವನಿಗೆ ಅನ್ನಿಸಿತು. ದಾರಿ ಕಷ್ಟವೆಂದು ತಾನೆ ರುಟಾ ಸೀಟು ಕೇಳಿದ್ದು? ದಾರಿ ಸುಲಭವೆಂದಾದರೆ ತಾನಾಗಿಯೇ ಹಿಂದಕ್ಕೆ ಕೊಡುತ್ತಾಳೆ. ಕೇಳುವ ಅಗತ್ಯವೇ ಬೀಳುವುದಿಲ್ಲ. ಮರುದಿನ ಬೆಳಗ್ಗೆಯೇ ಹೊರಟು ಮನೆ ಮನೆಯ ಬೇಲಿಗೂ ನಿಂತ. ಆಗ ಹೇಳಿದ್ದು ಹಳೆಯ ವಿಮಾನದ ಮಾತು, ಹೊಸ ವಿಮಾನ ಬೇರೆ ಎಂದ. ಬಾವಿಯ ಹತ್ತಿರ, ಕಿರಿತಿಮತಿಯೆಂದರೆ ಏನು, ಬಸ್ಸಿನಲ್ಲಿ ಪೇಟೆಗೆ ಹೋಗಿಬಂದಂತೆ ಎಂದ. ಕೋಳಿಗೆ ಕಾಯಿ ಹಾಕುತ್ತಿದ್ದವಳ ಹತ್ತಿರ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಳಿದಿರುತ್ತೇವೆ, ಬೆಳಗ್ಗೆ ಸುಟ್ಟ ಮೀನು ಅಲ್ಲಿ ಬಿಸಿಬಿಸಿ ತಿನ್ನಬಹುದು ಎಂದ. ಕೊನೆಗೆ ರುಟಾಳ ಮನೆಯ ಮುಂದೆ ನಿಂತು, ಮುದುಕರೂ ಮೊಣಕಾಲು ನೋವಿನವರೂ ಹೋಗುವಂಥ ದಾರಿ, ಸುಮ್ಮನೆ ಹುಡುಗನ ಬಲೆಯ ಕೆಲಸ ಯಾಕೆ ಕೆಡಿಸಬೇಕು ಎಂದು ಗಾಳಿಗೆ ಹೇಳುವಂತೆ ಹೇಳಿದ.

ಸೀಟು ಬರಲಿಲ್ಲ. ಸಾಮಾನು ಬಂತು. ಬಿಸಿಬಿಸಿ ಮೀನಿನ ಮಾತು ಊರೆಲ್ಲ ಹರಡಿ, ಒಯ್ದವರೆಲ್ಲ ಒಯ್ದದ್ದನ್ನು ಹೊತ್ತು ಹಿಂದಿರುಗಿದರು. ಮೊದಲು ಬಾರದವರೂ ಬಂದರು. ಒಬ್ಬಾಕೆ ಜೀವಂತ ಹುಂಜವನ್ನು ಕಾಲು ಕಟ್ಟಿ ತಂದು, ಇಷ್ಟು ಹತ್ತಿರ ಅಂದಮೇಲೆ ಅದಕ್ಕೆ ಬಾಯಾರಿಕೆಯೂ ಆಗುವುದಿಲ್ಲ ಎಂದಳು. ಎಲ್ಲರಿಗೂ ಹೋಗುವವನು ಕಬುನಾರೆ ಎಂದು ಗೊತ್ತಿತ್ತು. ಆದರೆ ಇಲ್ಲ ಎನ್ನದವನ ಜಗಲಿ ಎಂದು ಬೌರೋನ ಜಗಲಿಗೇ ಇಳಿಸಿದರು. ರುಟಾ ಬಂದು ಗುಡ್ಡೆಯನ್ನು ನೋಡಿ ಸಂತೋಷಪಟ್ಟಳು. ದಾರಿ ಸುಲಭವೆಂದು ಕೇಳಿ ತನ್ನ ಎದೆಯ ಭಾರ ಇಳಿಯಿತು, ಮಗ ಆರಾಮಾಗಿ ಹೋಗಿಬರುತ್ತಾನೆ ಎಂದಳು.

ಬುಧವಾರ ನಸುಕಿನಲ್ಲಿ ಬೊನ್ರಿಕಿಯ ವಿಮಾನ ನಿಲ್ದಾಣಕ್ಕೆ ಊರಿನ ಲಾರಿಯೊಂದು ಹೊರಟಿತು. ಲಾರಿಯಲ್ಲಿ ಸಾಮಾನಿತ್ತು, ಸಾಮಾನಿನ ಮೇಲೆ ನೆಂಟರಿದ್ದರು. ಎಲ್ಲರಿಗಿಂತ ಹಿಂದೆ, ಬರಿಗಾಲಿನಲ್ಲಿ, ಲುಂಗಿಯುಟ್ಟು, ಹುಂಜವನ್ನು ತೊಡೆಯ ಮೇಲಿಟ್ಟುಕೊಂಡು ಬೌರೋ ಕೂತಿದ್ದ. ಪಕ್ಕದಲ್ಲಿ ತಿನಾಯ. ದಾರಿಯಲ್ಲಿ ಒಮ್ಮೆ ಅವಳು ಕೈ ಚಾಚಿ, ಅವನ ಅಂಗಿಯ ಗುಂಡಿ ತಪ್ಪಾಗಿ ಹಾಕಿದ್ದನ್ನು ಬಿಚ್ಚಿ ಸರಿಯಾಗಿ ಹಾಕಿದಳು.

ನಿಲ್ದಾಣದಲ್ಲಿ ತಿಮೆಯೋನ್ ತಕ್ಕಡಿಯ ಹಿಂದೆ ನಿಂತಿದ್ದ. ಗುಡ್ಡೆಯನ್ನು ನೋಡಿ ಅವನ ಟೋಪಿ ತಾನಾಗಿಯೇ ಹಿಂದಕ್ಕೆ ಸರಿಯಿತು. ಇದರಲ್ಲಿ ಒಂದು ಕೈಚೀಲದಷ್ಟು ಹೋಗುತ್ತದೆ, ಉಳಿದದ್ದು ಹೋಗುವುದಿಲ್ಲ, ಯಾರದ್ದು ಹೋಗಬೇಕೆಂದು ನೀವು ನೀವೇ ತೀರ್ಮಾನಿಸಿ ಎಂದ. ನೆಂಟರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ನನ್ನ ಗೆಡ್ಡೆ ಮೊದಲು ಬಂದದ್ದು ಎಂದು ರುಟಾ, ನನ್ನ ಚಾಪೆ ತೂಕವಿಲ್ಲ, ಬರೀ ಉದ್ದ ಎಂದು ತಮ್ಮನ ಹೆಂಡತಿ.

ಗಲಾಟೆಯಿಂದ ದೂರ, ಮಳೆನೀರಿನ ತೊಟ್ಟಿಯ ಹತ್ತಿರ, ಕಬುನಾರೆ ಒಬ್ಬನೇ ನಿಂತಿದ್ದ. ಬೌರೋನ ಕೋಟು ಅವನ ಬೆನ್ನ ಮೇಲೆ ಬಿರಿಯುವಂತಿತ್ತು. ಹೊರಗೆ ವಿಮಾನ ಕಾಣುತ್ತಿತ್ತು. ಅದನ್ನು ನೋಡಿದ ಬೌರೋನಿಗೆ ಕಾಲು ನಿಲ್ಲದಾಯಿತು. ತೊಟ್ಟಿಯ ಕಡೆ ಹೋದ, ಅರ್ಧಕ್ಕೆ ಹಿಂದಿರುಗಿದ. ಮತ್ತೆ ಹೋದ, ಹವಾ ಚೆನ್ನಾಗಿದೆ ಎಂದು ಹೇಳಿ ಹಿಂದಿರುಗಿದ. ಮೂರನೆಯ ಸಲ ಹಿಂದಿರುಗಿದಾಗ ತಿನಾಯ ಅವನ ಕಂಕುಳಲ್ಲಿದ್ದ ಹುಂಜವನ್ನು ಕಿತ್ತುಕೊಂಡು, ಭುಜ ಹಿಡಿದು, ಬಂದ ದಾರಿಗೇ ತಿರುಗಿಸಿ ನಿಲ್ಲಿಸಿದಳು.

ಬೌರೋ ಹೋಗಿ ಕಬುನಾರೆಯ ಎದುರು ಸಿಮೆಂಟಿನ ಮೇಲೆ ಕಾಲು ಮಡಚಿ ಕೂತ. ಅರವತ್ತು ವರ್ಷದಲ್ಲಿ ಮೊದಲ ಬಾರಿ ಹಾಗೆ ಕೂತವನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಮಗಾ" ಎಂದ. ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡ. "ಒಂದು ಬುಬುತಿ ಇತ್ತು. ಆ ಸೀಟು…"

"ತಗೊಳ್ಳಿ ಚಿಕ್ಕಪ್ಪ" ಎಂದ ಕಬುನಾರೆ. ಮಾತು ಮುಗಿಯುವ ತನಕವೂ ಕಾಯಲಿಲ್ಲ. ಆಗಲೇ ಕೋಟಿನ ತೋಳು ಎಳೆಯುತ್ತಿದ್ದ. "ನೀವು ಯಾವಾಗ ಕೇಳ್ತೀರೋ ಅಂತ ಕಾಯ್ತಾ ಇದ್ದೆ. ಕಿವಿ ಒಡೆಯುತ್ತೆ ಅಂದ್ರಲ್ಲ, ಅವತ್ತಿಂದ ಅನ್ನ ಇಳೀತಿಲ್ಲ ನನಗೆ. ಅಮ್ಮನಿಗೆ ಹೇಳಿದ್ರೆ ಗಂಡಸಲ್ವಾ ಅಂತಾಳೆ."

"ಹೊಸ ವಿಮಾನ ಬೇರೆ ಅಂತ ಆಮೇಲೆ ಹೇಳಿದ್ನಲ್ಲೋ."

"ಅದು ಸುಳ್ಳು ಅಂತ ಗೊತ್ತಾಯ್ತು. ಮೊದಲು ಹೇಳಿದ್ದೇ ನಿಜ."

ತೊಟ್ಟಿಯ ಹಿಂದೆ ಹೋಗಿ ಇಬ್ಬರೂ ಬಟ್ಟೆ ಬದಲಿಸಿಕೊಂಡರು. ಹಿಗ್ಗಿದ್ದ ಪ್ಯಾಂಟನ್ನು ಬೌರೋ ಒಂದು ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕಾಯಿತು. ಹಾಗೆ ನಡೆದು ತಿಮೆಯೋನನ ಮುಂದೆ ಬಂದ. ತಿಮೆಯೋನ್ ದೂರದಿಂದಲೇ ಕೈ ಅಲ್ಲಾಡಿಸಿ, ಎರಡನೇ ಸಲ ಹೆಸರು ಬದಲಿಸುವಂತಿಲ್ಲ ಮಾವ, ಆಫೀಸಿನ ನಿಯಮ ಎಂದ. ಬೌರೋ ತಕ್ಕಡಿಯ ಪಕ್ಕದಲ್ಲಿ ಕಾಲು ಮಡಚಿ ಕೂತ. "ಒಂದು ಬುಬುತಿ ಇತ್ತು ತಮ್ಮ" ಎಂದ. ಎರಡನೆಯ ಸಲ ಅದು ಮೊದಲಿನಷ್ಟು ಕಷ್ಟವಾಗಲಿಲ್ಲ. ಸುತ್ತಲೂ ಊರವರು ನೋಡುತ್ತಿದ್ದರು. ತಿಮೆಯೋನ್ ಒಮ್ಮೆ ಗೋಡೆಯ ಮೇಲೆ ಅಂಟಿಸಿದ್ದ ನಿಯಮಗಳನ್ನು ನೋಡಿದ, ಒಮ್ಮೆ ಕೂತಿದ್ದವನನ್ನು ನೋಡಿದ. ನಿಯಮಗಳು ಎಲ್ಲಿಂದಲೋ ಬಂದವು, ಇವನು ಏತಾದವನು. ನಿಟ್ಟುಸಿರು ಬಿಟ್ಟು ಹೋಗುವುದರಲ್ಲೂ ಬರುವುದರಲ್ಲೂ ಮತ್ತೆ ಬೌರೋ ಎಂದು ಬರೆದ.

ಆಮೇಲೆ ನಡೆದದ್ದನ್ನು ಏತಾದಲ್ಲಿ ಈಗಲೂ ಹೇಳುತ್ತಾರೆ. ಬೌರೋ ಎದ್ದು ನಿಲ್ಲಲೇ ಇಲ್ಲ. ಕೂತಲ್ಲೇ ರುಟಾಳ ಕಡೆ ತಿರುಗಿದ.

"ಅತ್ತಿಗೆ, ಒಂದು ಬುಬುತಿ. ಈ ಗೆಡ್ಡೆ ಮೂಟೆ ನೀವೇ ಮನೆಗೆ ತಗೊಂಡು ಹೋಗಿ."

ರುಟಾ ಮೂಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ತಮ್ಮನ ಹೆಂಡತಿ ಚಾಪೆಯ ಸುರುಳಿಯ ಹಿಂದೆ ಅಡಗಲು ನೋಡಿದಳು. ಅವಳಿಗೂ ಒಂದು ಬುಬುತಿ ತಲುಪಿತು. ಪಾಕದವರು, ಮೀನಿನವರು, ಹುಂಜದವಳು, ಒಬ್ಬೊಬ್ಬರಿಗೂ ಬೌರೋ ಹೆಸರು ಹಿಡಿದು, ವಿನಯದಿಂದ, ತಂದದ್ದನ್ನು ಒಯ್ಯುವ ಉಪಕಾರ ಮಾಡಬೇಕೆಂದು ಕೇಳಿಕೊಂಡ. ಇಲ್ಲ ಎನ್ನುವ ಹಾಗಿರಲಿಲ್ಲ. ತಮ್ಮನ ಹತ್ತಿರ ಸೈಕಲ್ಲನ್ನೂ ಕೇಳಿದ. ಪಕ್ಕದ ಮನೆಯವನು ಜನರ ಹಿಂದೆ ಹಿಂದೆ ಸರಿಯುತ್ತಿದ್ದುದನ್ನು ಕಂಡು ತಿನಾಯ ಕೂಗಿ ಹೇಳಿದಳು: "ರೇಡಿಯೋ ಮರೀಬೇಡಿ."

ವಿಮಾನದಲ್ಲಿ ಬೌರೋ ಕಿಟಕಿಯ ಪಕ್ಕದ ಜಾಗವನ್ನು ಯಾರೋ ಪರಿಚಯವಿಲ್ಲದವನಿಂದ ಕೇಳಿ ಪಡೆದ. ಹೊದಿಕೆ ಕೇಳಿದ, ನೀರು ಕೇಳಿದ, ಊಟವಲ್ಲದ ಆ ಊಟವನ್ನು ಎರಡು ಸಲ ಕೇಳಿ ತಿಂದ. ಕಿವಿ ಒಡೆಯಲಿಲ್ಲ. ಆದರೂ ನಿದ್ದೆ ಬರಲಿಲ್ಲ. ಇನ್ನೂ ಬರಲಿಲ್ಲವೇ, ಇನ್ನೂ ಬರಲಿಲ್ಲವೇ ಎಂದು ಗಳಿಗೆಗೊಮ್ಮೆ ಕೆಳಗೆ ಇಣುಕಿದ. ನೀರು, ನೀರು, ಮತ್ತೆ ನೀರು. ಚಾವಡಿಯಲ್ಲಿ ತಾನು ಹೇಳಿದ ದೂರ ಹೆಚ್ಚೇನೂ ಆಗಿರಲಿಲ್ಲ ಎಂದು ಅವನಿಗೆ ಅನ್ನಿಸತೊಡಗಿತು.

ಅಲ್ಲಿ ಇಳಿದಾಗ ಬಿರೀಟಾ ಮಗುವನ್ನು ನೇರವಾಗಿ ಅವನ ಕೈಗೇ ಕೊಟ್ಟಳು. ಮಗುವನ್ನು ಎರಡು ಕೈಯಲ್ಲಿ ಹಿಡಿಯಬೇಕು, ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿಯಬೇಕು. ಅಳಿಯ ಸಮಯಕ್ಕೆ ಸರಿಯಾಗಿ ಹಿಂದಿನಿಂದ ಹಿಡಿದುಕೊಂಡ. ಮಗು ಅಜ್ಜನ ಮುಖವನ್ನು ಬಹಳ ಹೊತ್ತು ನೋಡಿ, ಮೂಗು ಹಿಡಿದು, ಊಫ್ ಎಂದಿತು. ನೋಡಿದೆಯಾ, ಹೆಸರು ಹಿಡಿದು ಕರೆದಳು ಎಂದು ಬೌರೋ ಸಿಕ್ಕಸಿಕ್ಕವರಿಗೆಲ್ಲ ಹೇಳಿದ.

ಶನಿವಾರದ ಹಬ್ಬ ಮುಗಿಯಿತು. ಹಾಡಿ ಕುಣಿದು ದಣಿದವರು ಅಲ್ಲಲ್ಲೇ ಒರಗಿದ್ದರು. ಬೌರೋನ ತೊಡೆಯ ಮೇಲೆ ಮಗು ನಿದ್ದೆ ಹೋಗಿತ್ತು. ಬುಧವಾರಕ್ಕೆ ಎಷ್ಟು ದಿನ ಉಳಿಯಿತೆಂದು ಅವನು ಎಣಿಸುತ್ತಿದ್ದ. ಎಷ್ಟು ಸಲ ಎಣಿಸಿದರೂ ಅದು ಕಡಿಮೆಯಾಗುತ್ತಲೇ ಇತ್ತು. ಮಗುವನ್ನು ಕದಲಿಸದೆ ಏಳುವುದು ಹೇಗೆ, ಎದ್ದು ನಡೆಯುವುದು ಹೇಗೆ ಎಂದು ಚಡಪಡಿಸುತ್ತಿರುವಾಗ ಅಳಿಯನ ತಂದೆ ಉರಿಯಮ್ ಬಂದು ಎದುರು ಕೂತ. ಕಾಲು ಮಡಚಿ ಕೂತ.

ಉರಿಯಮ್ ಹರೆಯದಲ್ಲಿ ತರಾವಾ ಬಿಟ್ಟವನು. ತೆಂಗಿನ ತೋಟದ ಕೆಲಸಕ್ಕೆಂದು ಹಡಗು ಹತ್ತಿ ಬಂದು, ಇಲ್ಲೇ ಮಕ್ಕಳು ಮೊಮ್ಮಕ್ಕಳಾಗಿ, ಒಮ್ಮೆಯೂ ಹಿಂದಿರುಗಿರಲಿಲ್ಲ. ತರಾವಾದಲ್ಲಿರುವ ಅಣ್ಣ ಹಾಸಿಗೆ ಹಿಡಿದಿದ್ದಾನಂತೆ ಎಂದು ಹೇಳಿದ.

"ಬೀಗರೇ, ಕೇಳೋಕೆ ನಾಚಿಕೆ" ಎಂದ. "ಒಂದು ಬುಬುತಿ ಇತ್ತು. ನಿಮ್ಮ ವಾಪಸ್ ಸೀಟು ನನಗೆ ಕೊಡ್ತೀರಾ? ನಾನು ಬರೋ ತನಕ ನೀವು ಇಲ್ಲೇ ಇರಬೇಕಾಗುತ್ತೆ."

ಬೌರೋ ಮುಖವನ್ನು ಆದಷ್ಟು ಗಂಭೀರ ಮಾಡಿಕೊಂಡ. ತಿನಾಯಳಿಗೆ ಹೇಗೆ ಹೇಳುವುದೆಂಬ ಯೋಚನೆಯೂ ಒಮ್ಮೆ ಬಂದು ಹೋಯಿತು. ಅವಳ ಹತ್ತಿರ ಈಗ ಸೈಕಲ್ಲಿದೆ, ರೇಡಿಯೋ ಇದೆ.

"ನಿಮ್ಮದು" ಎಂದ.

ಉರಿಯಮ್ ಅವನ ಕೈ ಹಿಡಿದುಕೊಂಡ. ಆಮೇಲೆ ಒಂದು ಅಂಜಿಕೆ ಅವನ ಮುಖದ ಮೇಲೆ ಹಾದುಹೋಯಿತು. ತನಗೂ ವಯಸ್ಸಾಯಿತು, ಕಾಲು ಊದುತ್ತದೆ, ಅಷ್ಟು ದೂರ ಕೂತು ಹೋಗಲು ಆದೀತೇ, ಇನ್ನೊಮ್ಮೆ ಯೋಚಿಸುವುದು ಒಳ್ಳೆಯದೇನೋ ಎಂದ.

ಬೌರೋ ಮಗುವಿನ ಮೇಲೆ ಕೂರಲು ಬಂದ ನೊಣವನ್ನು ಓಡಿಸಿದ.

"ಯಾರು ದೂರ ಅಂದಿದ್ದು ಬೀಗರೇ?" ಎಂದ. "ಆ ಕಡೆಗೆ ಹೋಗೋದಾದ್ರೆ ಹತ್ತಿರಾನೇ ಹತ್ತಿರ."